ಪಾದರಸ ಹೋದದ್ದೆಲ್ಲಿಗೆ: ಚಿನ್ನದ ಗಿರಣಿಗಳ ಒಂದು ಕಣಿವೆಯ ಪ್ರಕರಣ ಅಧ್ಯಯನ

ಈ ಕಣಿವೆ ಯಾವುದು, ಇಲ್ಲಿನ ಜನ ಯಾರು ಎಂದು ಗೊತ್ತಾಗದಂತೆ ವಿವರಗಳನ್ನು ಬದಲಿಸಿದೆ. ಇಂಥ ಗಿರಣಿ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಂದೆಡೆ ಸೇರಿಸಿ, ಲೆಕ್ಕ ಹಿಡಿಯಲು ಸುಲಭವಾಗಲೆಂದು ಊರಿನ ಅಂಕಿಗಳನ್ನು ದುಂಡಾಗಿಸಿದೆ. ರಾಸಾಯನಿಕ ಕ್ರಿಯೆ, ಮಿತಿಗಳು ಮತ್ತು ಕೆಲಸದ ಕ್ರಮವನ್ನು ಮಾತ್ರ ಇದ್ದಂತೆಯೇ ಕೊಟ್ಟಿದೆ.

ಹಿನ್ನೆಲೆ

ಗುಡ್ಡದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ನಾಲ್ಕೈದು ಜನರ ಗುಂಪುಗಳು ಸುರಂಗ ತೋಡಿ ಅದಿರನ್ನು ಚೀಲಗಳಲ್ಲಿ ಹೊತ್ತು ಕೆಳಗಿಳಿಸುತ್ತವೆ. ಕಣಿವೆಯ ತಳದ ಹಳ್ಳದ ಎರಡೂ ದಂಡೆಗಳಲ್ಲಿ 20 ಗಿರಣಿಗಳು. ಪ್ರತಿ ಗಿರಣಿಯಲ್ಲೂ ಒಂದೇ ಮೋಟಾರಿನಿಂದ ತಿರುಗುವ 10 ಉಕ್ಕಿನ ಪೀಪಾಯಿಗಳು. ಒಂದು ಪೀಪಾಯಿಗೆ 40 ಕಿಲೋ ಅದಿರು, ನೀರು, ಉಕ್ಕಿನ ಗುಂಡುಗಳು, ಜೊತೆಗೆ ಅರ್ಧ ಕಿಲೋ ಪಾದರಸ ಹಾಕುತ್ತಾರೆ. ಮೂರು ನಾಲ್ಕು ಗಂಟೆ ತಿರುಗಿದ ಮೇಲೆ ಕಲ್ಲು ಹಿಟ್ಟಾಗಿರುತ್ತದೆ, ಬಿಡಿ ಚಿನ್ನದ ಕಣಗಳು ಪಾದರಸಕ್ಕೆ ಅಂಟಿರುತ್ತವೆ. ಕೆಸರನ್ನು ತೊಳೆದು ಹೊರಬಿಟ್ಟು, ತಳದಲ್ಲಿ ಉಳಿದ ಪಾದರಸವನ್ನು ಬಟ್ಟೆಯಲ್ಲಿ ಹಿಂಡುತ್ತಾರೆ. ಬಟ್ಟೆಯೊಳಗೆ ಉಳಿಯುವ ಬೆಳ್ಳಗಿನ ಗಟ್ಟಿ ಮುದ್ದೆಯೇ ಅಮಾಲ್ಗಮ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಚಿನ್ನ, ಅರ್ಧ ಪಾದರಸ. ಬಾಣಲೆಯಲ್ಲಿಟ್ಟು ಕಾಯಿಸಿದರೆ ಪಾದರಸ ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಈ ಕಣಿವೆಯಲ್ಲಿ ಆ ಕೆಲಸ ನಡೆಯುತ್ತಿದ್ದದ್ದು ಮನೆಗಳ ಹಿತ್ತಿಲಲ್ಲಿ, ಎಷ್ಟೋ ಸಲ ಅಡುಗೆಯ ಒಲೆಯ ಮೇಲೆಯೇ.

ಕೂಲಿಯ ಕರಾರು ಹೀಗಿತ್ತು: ಅದಿರು ತಂದವರು ಅಮಾಲ್ಗಮ್ ಒಯ್ಯಬೇಕು, ಕೆಸರು ಗಿರಣಿಯವರಿಗೆ ಬಿಡಬೇಕು. ಅರೆದುಕೊಟ್ಟದ್ದಕ್ಕೆ ಬೇರೆ ಹಣವಿಲ್ಲ. ಹೊರಗಿನಿಂದ ಬಂದವರು ಈ ಕರಾರನ್ನು ಬಹುಕಾಲ ಗಮನಿಸಲೇ ಇಲ್ಲ. ಪರಿಸರದ ಹಾನಿಗೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೂ ತೋಚಲಿಲ್ಲ.

ಇಂಥ ಸಣ್ಣ ಪ್ರಮಾಣದ ಗಣಿಗಾರಿಕೆ ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ಒಂದು ಅಂಕಿ ಸಾಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಪಾದರಸ ಸಮೀಕ್ಷೆಯ ಪ್ರಕಾರ, 2015ರಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಶೇ 38ರಷ್ಟು ಬಂದದ್ದು ಸಣ್ಣ ಚಿನ್ನದ ಗಣಿಗಾರಿಕೆಯಿಂದ. ಕಲ್ಲಿದ್ದಲು ಸುಡುವುದರಿಂದ ಬರುವುದಕ್ಕಿಂತ ಇದು ಹೆಚ್ಚು.

ಸಮಸ್ಯೆ, ಮತ್ತು ತಪ್ಪಿದ ಮೊದಲ ಅಳತೆ

ಕೈನಡುಕ, ನಿದ್ದೆಗೇಡು, ಸಣ್ಣ ಮಾತಿಗೂ ಸಿಟ್ಟು, ವಸಡಿನ ಊತ ಎಂಬ ದೂರುಗಳು ಅಮಾಲ್ಗಮ್ ಸುಡುವ ಮನೆಗಳಿಂದ ಬರತೊಡಗಿದ್ದವು. ಆರೋಗ್ಯ ತಂಡವೊಂದು ಬಂದು ಎಲ್ಲರ ಕೂದಲಿನ ಮಾದರಿ ತೆಗೆಯಿತು. ಫಲಿತಾಂಶ ವಿಚಿತ್ರವಾಗಿತ್ತು. ದಿನವೂ ಪಾದರಸ ಸುಡುವವರ ಕೂದಲಿಗಿಂತ, ಹಳ್ಳ ಸೇರುವ ನದಿಯ ಕೆಳಹರಿವಿನಲ್ಲಿ ಮೀನು ತಿಂದು ಬದುಕುವ ಹಳ್ಳಿಗರ ಕೂದಲಲ್ಲಿ ಪಾದರಸ ಹೆಚ್ಚಿತ್ತು. "ಗಿರಣಿ ಊರಿನಲ್ಲಿ ಅಷ್ಟೇನೂ ತೊಂದರೆಯಿಲ್ಲ" ಎಂಬ ತೀರ್ಮಾನ ವರದಿಯಲ್ಲಿ ಸೇರಿಕೊಂಡಿತು.

ತಪ್ಪಿದ್ದು ಮಾದರಿಯ ಆಯ್ಕೆಯಲ್ಲಿ. ಪಾದರಸ ಮೈ ಸೇರುವ ದಾರಿ ಎರಡು. ಆವಿಯಾಗಿ ಉಸಿರಿನಲ್ಲಿ ಹೋದ ಲೋಹರೂಪದ ಪಾದರಸ ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ಮಿದುಳು, ಮೂತ್ರಪಿಂಡ ಸೇರುತ್ತದೆ, ಮೂತ್ರದಲ್ಲಿ ಹೊರಬರುತ್ತದೆ. ಮೀನಿನ ಮೂಲಕ ಹೋಗುವುದು ಮೀಥೈಲ್ ಪಾದರಸ, ಅಂದರೆ ನೀರಿನ ತಳದ ಬ್ಯಾಕ್ಟೀರಿಯಾಗಳು ಪಾದರಸದಿಂದ ಮಾಡುವ ಸಂಯುಕ್ತ. ಅದು ರಕ್ತದಲ್ಲಿ ಮತ್ತು ಕೂದಲಲ್ಲಿ ಕಾಣುತ್ತದೆ. ಹಾಗಾಗಿ ಸುಡುವವರ ಮೂತ್ರ ನೋಡಬೇಕು, ಮೀನು ತಿನ್ನುವವರ ಕೂದಲು ನೋಡಬೇಕು. ಗಿರಣಿ ಊರಿನಲ್ಲಿ ಕೂದಲಿಗೆ ಹೊರಗಿನ ಆವಿ, ಧೂಳು ಅಂಟುವುದರಿಂದ ಆ ಅಳತೆ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ಎರಡನೆಯ ಸುತ್ತಿನಲ್ಲಿ ಮೂತ್ರದ ಮಾದರಿ ತೆಗೆದಾಗ, ಮೂತ್ರದಲ್ಲಿ ಸಹಜವಾಗಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಒಂದು ಗ್ರಾಂಗೆ 20 ಮೈಕ್ರೋಗ್ರಾಂ ಎಂಬ ಎಚ್ಚರಿಕೆಯ ಮಟ್ಟವನ್ನು ಸುಡುವವರಲ್ಲಿ ಅನೇಕರು ದಾಟಿದ್ದರು. ಸುಡುವ ಕೆಲಸ ಮಾಡದ, ಆದರೆ ಅದೇ ಮನೆಯಲ್ಲಿ ವಾಸಿಸುವ ಮಕ್ಕಳಲ್ಲೂ ಮಟ್ಟ ಏರಿತ್ತು.

ಮೊದಲ ಪ್ರಯತ್ನ: ರಿಟಾರ್ಟ್

ಸುಡುವುದೇ ತೊಂದರೆ ಎಂದ ಮೇಲೆ ಸುಲಭ ಉಪಾಯ ರಿಟಾರ್ಟ್. ಮುಚ್ಚಳವನ್ನು ತಿರುಪಿ ಬಿಗಿಯುವ ಉಕ್ಕಿನ ಮೂಸೆ, ಅದರ ನೆತ್ತಿಯಿಂದ ಹೊರಟು ಕೆಳಗೆ ಇಳಿಜಾರಾಗಿ ಬಾಗಿದ ಕೊಳವೆ, ಕೊಳವೆಗೆ ಸುತ್ತಿದ ಒದ್ದೆ ಬಟ್ಟೆ, ತುದಿಯಲ್ಲಿ ನೀರಿನ ಪಾತ್ರೆ. ಒಳಗೆ ಆವಿಯಾದ ಪಾದರಸ ಕೊಳವೆಯಲ್ಲಿ ತಣಿದು ಹನಿಹನಿಯಾಗಿ ನೀರಿಗೆ ಬೀಳುತ್ತದೆ. ಪ್ರತಿ ಗಿರಣಿಗೂ ಒಂದೊಂದು ಕೊಟ್ಟರು. ಕೆಲವೇ ತಿಂಗಳಲ್ಲಿ ಹೆಚ್ಚಿನವು ಮೂಲೆ ಸೇರಿದವು.

ಕಾರಣಗಳು ಒಂದೆರಡಲ್ಲ. ಪೇಟೆಯಲ್ಲಿ ಸಿಕ್ಕ ನೀರಿನ ಕೊಳವೆಗಳಿಂದಲೇ ರಿಟಾರ್ಟ್ ಮಾಡಿದ್ದರು. ಅವುಗಳ ಒಳಗಿನ ಸತುವಿನ ಲೇಪಕ್ಕೆ ಪಾದರಸ ಅಂಟಿ ಕೂತಿತು. ಮೊದಲ ಕೆಲವು ಸಲ ಪಾತ್ರೆಗೆ ಏನೂ ಬೀಳದೆ, "ಇದು ಪಾದರಸ ನುಂಗುವ ಯಂತ್ರ" ಎಂಬ ಮಾತು ಹರಡಿತು. ಲೇಪವಿಲ್ಲದ ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಕಿತ್ತು. ಲೇಪವಿಲ್ಲದ ಹೊಸ ಕೊಳವೆಯ ಗೋಡೆಗೂ ಮೊದಲ ಸಲ ಸ್ವಲ್ಪ ಪಾದರಸ ಹಿಡಿಯುತ್ತದೆ, ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು. ಎರಡನೆಯದು, ಬೆಂಕಿ ಮೂಸೆಯ ಬುಡಕ್ಕೆ ಮಾತ್ರ ತಾಗುತ್ತಿತ್ತು. ಮುಚ್ಚಳ ತಣ್ಣಗಿದ್ದರೆ ಆವಿ ಅಲ್ಲೇ ತಣಿದು ಮತ್ತೆ ಕೆಳಗೆ ಬೀಳುತ್ತದೆ, ಎಷ್ಟು ಹೊತ್ತು ಕಾಯಿಸಿದರೂ ಮುಗಿಯುವುದಿಲ್ಲ. ಜ್ವಾಲೆ ಮೂಸೆಯನ್ನು ಮುಚ್ಚಳದವರೆಗೂ ಆವರಿಸಬೇಕು. ಮೂರನೆಯದು ಅಪಾಯದ್ದು. ಕೊಳವೆಯ ತುದಿಯನ್ನು ನೀರಿನಲ್ಲಿ ಆಳವಾಗಿ ಮುಳುಗಿಸಿದ್ದ ಕಡೆ, ಬೆಂಕಿ ತೆಗೆದಾಗ ಮೂಸೆ ತಣಿದು ನೀರನ್ನು ಒಳಕ್ಕೆ ಹೀರಿತು. ಕಾದ ಉಕ್ಕಿಗೆ ತಾಗಿದ ನೀರು ಒಮ್ಮೆಲೇ ಹಬೆಯಾಗಿ ಮುಚ್ಚಳ ಸಿಡಿಯಿತು. ತುದಿ ನೀರಿನ ಮೇಲ್ಮೈಗೆ ತಾಗಿಯೂ ತಾಗದಂತಿರಬೇಕು. ನೀರು ಸ್ವಲ್ಪ ಮೇಲೇರಿದ ಕೂಡಲೇ ಗಾಳಿ ಒಳನುಗ್ಗಿ ಹೀರಿಕೆ ನಿಲ್ಲುತ್ತದೆ.

ಇಷ್ಟನ್ನೂ ಸರಿಪಡಿಸಬಹುದಿತ್ತು. ನಿಜವಾಗಿ ಪೆಟ್ಟು ಕೊಟ್ಟದ್ದು ಚಿನ್ನದ ಬಣ್ಣ. ರಿಟಾರ್ಟಿನಿಂದ ಬಂದ ಚಿನ್ನ ಕಂದು, ಮಾಸಲು. ಖರೀದಿಯವರು ದರ ಇಳಿಸಿದರು. ಬಿಳಿಗಾರ (ಬೋರಾಕ್ಸ್) ಹಾಕಿ ಮೂಸೆಯಲ್ಲಿ ಕರಗಿಸಿದರೆ ಬಣ್ಣ ತಾನಾಗಿ ಬರುತ್ತದೆ. ಆದರೆ ಆ ಕರಗಿಸುವಿಕೆ ನಡೆಯುವುದು ಖರೀದಿಯವರ ಅಂಗಡಿಯಲ್ಲಿ. ಅಲ್ಲೂ ಒಂದು ಕಣ್ಣಿಗೆ ಕಾಣದ ಹಾನಿಯಿದೆ: ಸುಟ್ಟು ಮುಗಿಯಿತೆಂದುಕೊಂಡ ಚಿನ್ನದಲ್ಲಿ ಇನ್ನೂ ಶೇ 2ರಿಂದ 5ರಷ್ಟು ಪಾದರಸ ಇರುತ್ತದೆ. ಚಿನ್ನ ಕರಗುವ 1,064 ಡಿಗ್ರಿಯಲ್ಲಿ ಅದೆಲ್ಲ ಅಂಗಡಿಯ ಗಾಳಿಗೆ ಬರುತ್ತದೆ. ಊರಿನ ನಡುವೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ.

ತಿರುವು: ತಕ್ಕಡಿ

ಮುಂದಿನ ಹೆಜ್ಜೆಯಾಗಿ ಇನ್ನೂ ಒಳ್ಳೆಯ ರಿಟಾರ್ಟ್ ಹಂಚಬೇಕೆಂಬ ಪ್ರಸ್ತಾವ ಬಂತು. ಅದಕ್ಕೆ ಮೊದಲು ಒಂದು ಗಿರಣಿಯಲ್ಲಿ ಪಾದರಸವನ್ನು ತೂಗಿ ನೋಡೋಣ ಎಂದು ತಂಡದ ಅದಿರು ತಂತ್ರಜ್ಞರು ಪಟ್ಟು ಹಿಡಿದರು. ಒಂದು ಗ್ರಾಂವರೆಗೆ ತೋರಿಸುವ ಸಾಧಾರಣ ತಕ್ಕಡಿ ಸಾಕಾಯಿತು. ಪೀಪಾಯಿಗೆ ಹಾಕುವ ಮೊದಲು ತೂಗಿದರು. ಹಿಂಡಿದ ಮೇಲೆ ಸೋರಿದ ಪಾದರಸ ಮತ್ತು ಅಮಾಲ್ಗಮ್ ಎರಡನ್ನೂ ತೂಗಿದರು. ಅಮಾಲ್ಗಮ್ ಸುಟ್ಟ ಮೇಲೆ ಚಿನ್ನವನ್ನು ಚಿನ್ನದ ತಕ್ಕಡಿಯಲ್ಲಿ ತೂಗಿದರು.

ಹಾಕಿದ್ದು 500 ಗ್ರಾಂ. ಒಂದು ಸುತ್ತಿನಲ್ಲಿ ಕಳೆದುಹೋದದ್ದು ಸರಾಸರಿ 6 ಗ್ರಾಂ. ಗಿರಣಿಯವರು ಇದನ್ನು ನಷ್ಟವೆಂದೇ ಎಣಿಸಿರಲಿಲ್ಲ, 500ರಲ್ಲಿ 494 ಮರಳಿ ಬರುತ್ತಿತ್ತಲ್ಲ. ಆದರೆ ಆ ಸುತ್ತಿನಲ್ಲಿ ಸಿಕ್ಕ ಚಿನ್ನ 0.24 ಗ್ರಾಂ ಮಾತ್ರ. ಅಂದರೆ ಒಂದು ಗ್ರಾಂ ಚಿನ್ನಕ್ಕೆ 25 ಗ್ರಾಂ ಪಾದರಸ ಪರಿಸರಕ್ಕೆ ಹೋಗುತ್ತಿತ್ತು. ಹತ್ತು ಪೀಪಾಯಿ, ದಿನಕ್ಕೆ ಮೂರು ಸುತ್ತು, ಇಪ್ಪತ್ತು ಗಿರಣಿ: ದಿನಕ್ಕೆ 3.6 ಕಿಲೋ. ವರ್ಷದಲ್ಲಿ 280 ದಿನ ಕೆಲಸವೆಂದರೆ ಸುಮಾರು ಒಂದು ಟನ್.

ಈಗ ರಿಟಾರ್ಟಿನ ಪಾಲು ನೋಡಿ. ಅಮಾಲ್ಗಮ್ ಅರ್ಧಕ್ಕರ್ಧ ಎಂದುಕೊಂಡರೆ 0.24 ಗ್ರಾಂ ಚಿನ್ನದ ಜೊತೆ ಸುಟ್ಟು ಹೋಗುವ ಪಾದರಸವೂ 0.24 ಗ್ರಾಂ. ಕಳೆದುಹೋದ 6 ಗ್ರಾಂನಲ್ಲಿ ಅದು ಶೇ 4. ಉಳಿದ ಶೇ 96 ಕೆಸರಿನಲ್ಲಿತ್ತು. ಊರಿನ ಎಲ್ಲ ರಿಟಾರ್ಟ್‌ಗಳೂ ಒಂದು ಹನಿ ಸೋರದೆ ಕೆಲಸ ಮಾಡಿದ್ದರೂ ಹಳ್ಳಕ್ಕೆ ಹೋಗುವ ಪಾದರಸ ಕಡಿಮೆಯಾಗುತ್ತಿರಲಿಲ್ಲ. ಹಾಗೆಂದು ರಿಟಾರ್ಟ್ ಬೇಡವೆಂದು ಅರ್ಥವಲ್ಲ. ಆ ಶೇ 4 ಎಂದರೆ ವರ್ಷಕ್ಕೆ 40 ಕಿಲೋ ಆವಿ, ಅದೂ ಜನ ಉಸಿರಾಡುವ ಜಾಗದಲ್ಲಿ. ಗಾಳಿಯಲ್ಲಿ ಪಾದರಸದ ಆವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರ್ಷಿಕ ಸರಾಸರಿ ಮಿತಿ ಒಂದು ಘನಮೀಟರಿಗೆ 1 ಮೈಕ್ರೋಗ್ರಾಂ. ರಿಟಾರ್ಟ್ ಕಾಪಾಡುವುದು ಶ್ವಾಸಕೋಶವನ್ನು, ನದಿಯನ್ನಲ್ಲ. ಇವೆರಡನ್ನೂ ಒಂದೇ ಯೋಜನೆಯ ಗುರಿಯಾಗಿ ಬರೆದದ್ದರಿಂದಲೇ ಮೊದಲ ಪ್ರಯತ್ನದ ದುಡ್ಡು ಹಾಳಾಯಿತು ಎಂಬುದು ನಮ್ಮ ಅಭಿಪ್ರಾಯ.

ಕೆಸರಿಗೆ ಅಷ್ಟು ಪಾದರಸ ಹೋಗುವುದು ಯಾಕೆ? ಉಕ್ಕಿನ ಗುಂಡುಗಳು ಗಂಟೆಗಟ್ಟಲೆ ಜಜ್ಜಿದಾಗ ಪಾದರಸ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಜೇಡಿ, ಎಣ್ಣೆ, ಗಂಧಕಯುಕ್ತ ಖನಿಜಗಳ ಪೊರೆ ಆ ಹನಿಗಳ ಮೇಲೆ ಕೂರುತ್ತದೆ. ಪೊರೆ ಕೂತ ಹನಿಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳದೆ ತೊಳೆಯುವ ನೀರಿನಲ್ಲಿ ತೇಲಿ ಹೋಗುತ್ತವೆ, ಹೋಗುವಾಗ ತಾವು ಹಿಡಿದ ಸಣ್ಣ ಚಿನ್ನವನ್ನೂ ಒಯ್ಯುತ್ತವೆ. ಅರೆಯುವ ಯಂತ್ರದೊಳಗೇ ಪಾದರಸ ಹಾಕಿದರೆ ಇದನ್ನು ತಡೆಯುವ ಉಪಾಯವಿಲ್ಲ.

ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಒಂದು ಟನ್ ಅದಿರಿನಲ್ಲಿ 15 ಗ್ರಾಂ ಚಿನ್ನವಿತ್ತು. ಪಾದರಸ ಹಿಡಿದದ್ದು ಶೇ 40, ಅಂದರೆ 6 ಗ್ರಾಂ. ಮಿಕ್ಕ 9 ಗ್ರಾಂ ಕೆಸರಿನೊಂದಿಗೆ ಗಿರಣಿಯವರ ಪಾಲಾಗುತ್ತಿತ್ತು. ಹಿಂದೆ ಹೇಳಿದ ಕರಾರಿನ ಪ್ರಕಾರ, ಪಾದರಸ ಕಡಿಮೆ ಚಿನ್ನ ಹಿಡಿದಷ್ಟೂ ಗಿರಣಿಯವರಿಗೆ ಲಾಭ. ಅವರಿಗೆ ಪದ್ಧತಿ ಬದಲಿಸುವ ಅವಸರವೇನೂ ಇರಲಿಲ್ಲ.

ಎರಡನೆಯ ಪ್ರಯತ್ನ ತಂದ ದೊಡ್ಡ ಹಾನಿ

ಕೆಸರಿನಲ್ಲಿ ಟನ್ನಿಗೆ 9 ಗ್ರಾಂ ಚಿನ್ನವಿದೆ ಎಂಬ ಸುದ್ದಿ ಹರಡಿದ ಮೇಲೆ ಕೆಳಗಿನ ಬಯಲಿನಲ್ಲಿ ಸಯನೈಡ್ ತೊಟ್ಟಿಗಳು ಎದ್ದವು. ಪರಿಸರದವರೂ ಇದನ್ನು ಸ್ವಾಗತಿಸಿದರು. ಹಳ್ಳಕ್ಕೆ ಹೋಗುತ್ತಿದ್ದ ಕೆಸರು ಈಗ ತೊಟ್ಟಿಗೆ ಹೋಗುತ್ತದೆ, ಊರು ಚೊಕ್ಕಟವಾಗುತ್ತದೆ ಎಂಬ ವಾದ ಕೇಳಲು ಸರಿಯಾಗಿಯೇ ಇತ್ತು.

ಕ್ರಮ ಹೀಗೆ: ಕೆಸರಿಗೆ ಮೊದಲು ಸುಣ್ಣ ಬೆರೆಸಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 10.5ಕ್ಕಿಂತ ಮೇಲೆ ಏರಿಸಬೇಕು, ಆಮೇಲೆ ಸೋಡಿಯಂ ಸಯನೈಡ್, ಲೀಟರಿಗೆ ಒಂದು ಗ್ರಾಂನ ಆಸುಪಾಸು. ಈ ಅನುಕ್ರಮ ತಪ್ಪಬಾರದು. ಪಿಎಚ್ 9.2ರ ಹತ್ತಿರಕ್ಕೆ ಇಳಿದರೆ ಸಯನೈಡಿನ ಅರ್ಧದಷ್ಟು ಹೈಡ್ರೋಜನ್ ಸಯನೈಡ್ ಆಗಿ ಮಾರ್ಪಡುತ್ತದೆ. ಅದು ಗಾಳಿಗೆ ಏಳುವ ಪ್ರಾಣಾಂತಿಕ ಅನಿಲ. ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಕರಗುತ್ತದೆ. ಕರಗಿದ ಚಿನ್ನವನ್ನು ಸಕ್ರಿಯ ಇದ್ದಿಲು ಹಿಡಿದುಕೊಳ್ಳುತ್ತದೆ. ಇಲ್ಲಿನ ತೊಟ್ಟಿಗಳವರು ಆ ಇದ್ದಿಲನ್ನು ತೆರೆದ ಡ್ರಮ್ಮಿನಲ್ಲಿ ಸುಟ್ಟು ಬೂದಿ ಮಾಡಿ, ಬೂದಿಯನ್ನು ಬಿಳಿಗಾರದೊಂದಿಗೆ ಕರಗಿಸುತ್ತಿದ್ದರು.

ಲೆಕ್ಕ ಮಾಡಬೇಕಿದ್ದದ್ದು ಇಲ್ಲಿ. ಒಂದು ಟನ್ ಕೆಸರಿನಲ್ಲಿ 9 ಗ್ರಾಂ ಚಿನ್ನ ಮಾತ್ರವಲ್ಲ, ಹೆಚ್ಚುಕಡಿಮೆ 144 ಗ್ರಾಂ ಪಾದರಸವೂ ಇತ್ತು. 50 ಟನ್ನಿನ ತೊಟ್ಟಿಯಲ್ಲಿ 450 ಗ್ರಾಂ ಚಿನ್ನ, 7.2 ಕಿಲೋ ಪಾದರಸ. ಸಯನೈಡ್ ಚಿನ್ನವನ್ನಷ್ಟೇ ಕರಗಿಸುವುದಿಲ್ಲ, ಪಾದರಸವನ್ನೂ ಕರಗಿಸುತ್ತದೆ. ಹತ್ತರಲ್ಲಿ ಒಂದು ಪಾಲು ಕರಗಿದರೂ 720 ಗ್ರಾಂ, ತೊಟ್ಟಿಯಲ್ಲಿರುವ ಚಿನ್ನಕ್ಕಿಂತ ಹೆಚ್ಚು. ಅದರಲ್ಲಿ ಒಂದಷ್ಟು ಇದ್ದಿಲಿಗೆ ಅಂಟಿ, ಸುಡುವಾಗ ಆವಿಯಾಯಿತು. ಉಳಿದದ್ದು ಖಾಲಿ ಮಾಡಿದ ದ್ರಾವಣದ ಜೊತೆ ಹಳ್ಳಕ್ಕಿಳಿಯಿತು.

ಲೋಹರೂಪದ ಪಾದರಸ ನೀರಿಗಿಂತ 13.5 ಪಟ್ಟು ಭಾರ. ಹಳ್ಳದ ತಳದ ಗುಂಡಿಗಳಲ್ಲಿ, ಗಿರಣಿಯಿಂದ ಸ್ವಲ್ಪ ದೂರದಲ್ಲೇ ಕೂತುಬಿಡುತ್ತದೆ. ಅದು ಮೀಥೈಲ್ ಪಾದರಸ ಆಗಬೇಕಾದರೆ ಮೊದಲು ಉತ್ಕರ್ಷಣಗೊಂಡು ನೀರಿನಲ್ಲಿ ಕರಗುವ ರೂಪಕ್ಕೆ ಬರಬೇಕು, ಇದು ನಿಧಾನದ ಕೆಲಸ. ಸಯನೈಡ್ ತೊಟ್ಟಿ ಆ ನಿಧಾನದ ಹೆಜ್ಜೆಯನ್ನು ಕೆಲವೇ ದಿನಗಳಲ್ಲಿ ಮುಗಿಸಿಕೊಟ್ಟಿತು. ಕರಗಿದ ಪಾದರಸ ಮೈಲುಗಟ್ಟಲೆ ಸಾಗಿ ನದಿಯ ಜೌಗು ತಿರುವುಗಳಿಗೆ ತಲುಪಿತು. ಆಮ್ಲಜನಕವಿಲ್ಲದ ಅಲ್ಲಿನ ಕೆಸರಿನಲ್ಲಿ ಗಂಧಕದ ಸಂಯುಕ್ತಗಳಿಂದ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸಿದವು. ಪಾಚಿಯಿಂದ ಹುಳುಗಳಿಗೆ, ಹುಳುಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಅದು ಸಾಂದ್ರವಾಗುತ್ತಾ ಏರುತ್ತದೆ. ದೊಡ್ಡ ಬೇಟೆ ಮೀನಿನಲ್ಲಿ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಾಗಿರಬಲ್ಲದು. ಗರ್ಭಿಣಿಯ ಮಾಸು (ಜರಾಯು) ದಾಟಿ ಮಗುವಿನ ಬೆಳೆಯುವ ಮಿದುಳಿಗೆ ತಲುಪುತ್ತದೆ ಎಂಬುದು ಜಪಾನಿನ ಮಿನಮಾಟದಲ್ಲಿ 1956ರ ನಂತರ ಜಗತ್ತು ಕಂಡ ಸತ್ಯ.

ಎಚ್ಚರಿಕೆ ಬಂದದ್ದು ಹುಲ್ಲು ಮೇಯುವ ಮೀನು ಮತ್ತು ಬೇಟೆ ಮೀನುಗಳ ಮಾದರಿಗಳನ್ನು ಬೇರೆಬೇರೆಯಾಗಿ ಇಟ್ಟದ್ದರಿಂದ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ ಏರಿಕೆ ಮುಚ್ಚಿಹೋಗುತ್ತಿತ್ತು. ತೊಟ್ಟಿಗಳು ಬಂದ ಎರಡನೆಯ ವರ್ಷ, ಬೇಟೆ ಮೀನುಗಳಲ್ಲಿ ಪಾದರಸ ಕಿಲೋಗೆ 0.5 ಮಿಲಿಗ್ರಾಂ ದಾಟಿತ್ತು. ಸೋಸಿದ ನೀರಿನಲ್ಲಿ, ಅಂದರೆ ಕರಗಿದ ರೂಪದಲ್ಲಿ, ಪಾದರಸ ಹಿಂದಿಗಿಂತ ಬಹಳ ದೂರದವರೆಗೆ ಸಿಕ್ಕಿತು. ಸೋಸದ ನೀರನ್ನಷ್ಟೇ ಅಳೆದಿದ್ದರೆ ಅದೂ ತಿಳಿಯುತ್ತಿರಲಿಲ್ಲ.

2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂದ, ಪಾದರಸ ಕುರಿತ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ಅನುಬಂಧವೊಂದು, ಸಣ್ಣ ಚಿನ್ನದ ಗಣಿಗಾರಿಕೆಯಲ್ಲಿ ತೊಡೆದುಹಾಕಬೇಕಾದ ನಾಲ್ಕು ರೂಢಿಗಳನ್ನು ಹೆಸರಿಸುತ್ತದೆ: ಇಡೀ ಅದಿರಿಗೆ ಪಾದರಸ ಬೆರೆಸುವುದು, ಅಮಾಲ್ಗಮನ್ನು ಬಯಲಲ್ಲಿ ಸುಡುವುದು, ವಸತಿ ಪ್ರದೇಶದಲ್ಲಿ ಸುಡುವುದು, ಪಾದರಸ ತೆಗೆಯದೆ ಕೆಸರನ್ನು ಸಯನೈಡಿಗೆ ಹಾಕುವುದು. ಈ ಕಣಿವೆಯಲ್ಲಿ ನಾಲ್ಕೂ ನಡೆಯುತ್ತಿದ್ದವು.

ಮೂರನೆಯ ದಾರಿ

ಪಾದರಸವಿರುವ ಕೆಸರನ್ನು ತೊಟ್ಟಿಗೆ ಹಾಕುವುದನ್ನು ಮೊದಲು ನಿಲ್ಲಿಸಿದರು. ನಿರ್ಧಾರ ಕಷ್ಟದ್ದು, ಏಕೆಂದರೆ ತೊಟ್ಟಿಗಳ ಮೇಲೆ ಸಾಲವಿತ್ತು. ನಿಲ್ಲಿಸಲು ಸಾಧ್ಯವಾದದ್ದು ಬದಲಿಗೆ ಇನ್ನೊಂದು ಕೆಸರು ಕೊಡುತ್ತೇವೆ ಎಂಬ ಭರವಸೆಯಿಂದ: ಪಾದರಸ ತಾಗದ ಕೆಸರು.

ಅದಕ್ಕಾಗಿ ಪೀಪಾಯಿಯಲ್ಲಿ ಪಾದರಸ ನಿಂತಿತು. ಅದಿರನ್ನು ಕಡಿಮೆ ಹೊತ್ತು ಅರೆದು, ಜರಡಿ ಹಿಡಿದು, ನೀರು ಹೆಚ್ಚಿಸಿ ತೆಳುವಾಗಿ, ಒರಟು ರತ್ನಗಂಬಳಿ ಹಾಸಿದ ಇಳಿಜಾರು ಹಲಗೆಯ ಮೇಲೆ ಹರಿಸಿದರು. ಚಿನ್ನದ ಸಾಂದ್ರತೆ 19.3, ಬೆಣಚುಕಲ್ಲಿನದು 2.65. ಭಾರದ ಕಣಗಳು ಗಂಬಳಿಯ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಜರಡಿಯ ಮೇಲೆ ಉಳಿದ ದಪ್ಪ ಕಣಗಳನ್ನು ಮತ್ತೆ ಅರೆಯುತ್ತಾರೆ. ಒಂದೇ ಸಲಕ್ಕೆ ಪೂರ್ತಿ ನುಣ್ಣಗೆ ಅರೆದರೆ ಬಿಡಿಯಾದ ಚಿನ್ನ ತಗಡಾಗಿ ತೇಲಿಹೋಗುತ್ತದೆ. ಹೀಗೆ ಒಂದು ಟನ್ ಅದಿರು 15 ಕಿಲೋ ಸಾರಕ್ಕೆ, ಅಂದರೆ ಚಿನ್ನ ಸೇರಿದ ಭಾರದ ಕಣಗಳಿಗೆ, ಇಳಿಯಿತು.

ಆ ಸಾರವನ್ನು ಪಾದರಸವೇ ಇಲ್ಲದೆ ಬಿಳಿಗಾರದೊಂದಿಗೆ ನೇರವಾಗಿ ಕರಗಿಸುವ ಪದ್ಧತಿಯನ್ನು ಮೊದಲು ಪ್ರಯತ್ನಿಸಿದರು. ಫಿಲಿಪ್ಪೀನ್ಸ್‌ನ ಬೆಂಗೆಟ್ ಪ್ರಾಂತದ ಗಣಿಗಾರರು ಬಹುಕಾಲದಿಂದ ಹೀಗೆ ಮಾಡುತ್ತಾರೆ. ಇಲ್ಲಿ ಅದು ಕೈಕೊಟ್ಟಿತು. ಈ ಅದಿರಿನಲ್ಲಿ ಆರ್ಸೆನೋಪೈರೈಟ್ ಮತ್ತು ಪೈರೈಟ್ ಎಂಬ ಗಂಧಕಯುಕ್ತ ಖನಿಜಗಳು ಹೆಚ್ಚು, ಅವೂ ಭಾರವಾದ್ದರಿಂದ ಸಾರದಲ್ಲಿ ಉಳಿಯುತ್ತವೆ. ಕರಗಿಸಿದರೆ ಚಿನ್ನ ಗಂಧಕದ ಕಿಟ್ಟದಲ್ಲಿ ಸಿಕ್ಕಿಬೀಳುತ್ತದೆ, ಆರ್ಸೆನಿಕ್ ಹೊಗೆ ಏಳುತ್ತದೆ. ಸಾರವನ್ನು ಬಹಳ ಶುದ್ಧವಾಗಿಸಬಲ್ಲ ಅದಿರಿಗೆ ಮಾತ್ರ ಆ ದಾರಿ. ಆರ್ಸೆನಿಕ್ ಇದೆಯೇ ಎಂದು ನೋಡದೆ ಬಿಳಿಗಾರದ ತರಬೇತಿ ಏರ್ಪಡಿಸುವುದು ಅಪಾಯ.

ಹಾಗಾಗಿ ಸಾರಕ್ಕೆ ಮಾತ್ರ ಪಾದರಸ ಎಂಬ ನಡುದಾರಿ ಉಳಿಯಿತು. ಮುಚ್ಚಿದ ಸಣ್ಣ ಡ್ರಮ್, ಉಕ್ಕಿನ ಗುಂಡುಗಳಿಲ್ಲ. ನೂರು ಪಾಲು ಸಾರಕ್ಕೆ ಒಂದು ಪಾಲು ಪಾದರಸ, ಸ್ವಲ್ಪ ಸುಣ್ಣ, ಸುಮಾರು ಅರ್ಧ ಗಂಟೆಯ ನಿಧಾನ ತಿರುಗು. ಬಳಸಿ ಮಂಕಾದ ಪಾದರಸವನ್ನು ಎಸೆಯುವ ಬದಲು ಮತ್ತೆ ಚುರುಕುಗೊಳಿಸುತ್ತಾರೆ: ಶೇ 10ರ ಉಪ್ಪುನೀರಿನಡಿ ಪಾದರಸವಿಟ್ಟು, 12 ವೋಲ್ಟ್ ಬ್ಯಾಟರಿಯ ಋಣ ತಂತಿಯನ್ನು ಪಾದರಸಕ್ಕೆ, ಧನ ತಂತಿಗೆ ಜೋಡಿಸಿದ ಗ್ರಾಫೈಟ್ ಕಡ್ಡಿಯನ್ನು ಉಪ್ಪುನೀರಿಗೆ ಮಾತ್ರ ತಾಗಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕಡ್ಡಿಯಲ್ಲಿ ಕ್ಲೋರಿನ್ ಏಳುವುದರಿಂದ ಇದನ್ನು ಬಯಲಲ್ಲೇ ಮಾಡಬೇಕು. ಅಮಾಲ್ಗಮ್ ಸುಡುವುದು ಊರಾಚೆಯ ಒಂದೇ ಶೆಡ್ಡಿನಲ್ಲಿ, ಲೇಪವಿಲ್ಲದ ರಿಟಾರ್ಟಿನಲ್ಲಿ. ಪಕ್ಕದಲ್ಲೇ ಬಿಳಿಗಾರದ ಕುಲುಮೆ, ಅದರ ಹೊಗೆಗೂಡಿಗೆ ಗಂಧಕ ಲೇಪಿಸಿದ ಇದ್ದಿಲಿನ ಸೋಸುಕ. ಚಿನ್ನ ಹಳದಿಯಾಗಿಯೇ ಶೆಡ್ಡಿನಿಂದ ಹೊರಬರುವುದರಿಂದ ಬಣ್ಣದ ತಕರಾರು ಮುಗಿಯಿತು. ಟನ್ ಅದಿರಿಗೆ 150 ಗ್ರಾಂ ಇದ್ದ ಪಾದರಸದ ನಷ್ಟ 5 ಗ್ರಾಂಗಿಂತ ಕೆಳಗೆ ಬಂತು.

ಇಷ್ಟೆಲ್ಲ ಆಗಲು ಹಳೆಯ ಕರಾರು ಮುರಿಯಲೇಬೇಕಿತ್ತು. ಕೆಸರು ಗಿರಣಿಯದಾಗಿದ್ದಷ್ಟು ಕಾಲ ಗಂಬಳಿಯನ್ನು ಸರಿಯಾಗಿ ತೊಳೆಯಲು ಗಿರಣಿಯವರಿಗೆ ಮನಸ್ಸಿರಲಿಲ್ಲ, ಪಾದರಸವಿಲ್ಲದ ಗಿರಣಿ ತಮ್ಮ ಚಿನ್ನ ಕದಿಯುತ್ತದೆಂದು ಅದಿರಿನವರಿಗೆ ಅನುಮಾನ. ಹೊಸ ಕರಾರಿನಲ್ಲಿ ಅರೆಯುವುದಕ್ಕೆ ಟನ್ ಲೆಕ್ಕದ ಹಣ, ಕೆಸರಿನ ಚಿನ್ನದಲ್ಲಿ ಅದಿರಿನವರಿಗೂ ಪಾಲು. ಪಾಲು ನಿಗದಿಗೆ ಕೆಸರನ್ನು ಗುಪ್ಪೆ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿ, ಮತ್ತೆ ಹಾಗೆಯೇ ಮಾಡುತ್ತಾ ಕೊನೆಗೆ ಮೂರು ಮೊಹರು ಪೊಟ್ಟಣ: ಒಂದು ಅದಿರಿನವರಿಗೆ, ಒಂದು ತೊಟ್ಟಿಯವರಿಗೆ, ಒಂದು ತಕರಾರು ಬಂದರೆ ತೆರೆಯಲು. ಸಾರದಿಂದ 6 ಗ್ರಾಂ, ಕೆಸರಿನಿಂದ ಇನ್ನೊಂದು 7 ಗ್ರಾಂ ಚಿನ್ನ ಬಂದಾಗ ವಾದ ತಣ್ಣಗಾಯಿತು. ಆರೋಗ್ಯದ ಎಚ್ಚರಿಕೆಗಿಂತ ಈ ಲೆಕ್ಕವೇ ಜನರನ್ನು ಒಪ್ಪಿಸಿತು ಎಂಬುದನ್ನು ಮರೆಮಾಚಬೇಕಿಲ್ಲ.

ಎಡವಿದ ಜಾಗಗಳು

ಹಳೆಯ ಪೀಪಾಯಿಗಳ ಬಿರುಕು, ಬೆಸುಗೆಗಳಲ್ಲಿ ಪಾದರಸ ಉಳಿದಿತ್ತು. ಮೊದಲ ವಾರಗಳ "ಶುದ್ಧ" ಕೆಸರು ಶುದ್ಧವಾಗಿರಲಿಲ್ಲ. ಅದನ್ನು ಬೇರೆ ರಾಶಿ ಹಾಕಬೇಕಾಯಿತು. ಗಂಬಳಿಯನ್ನು ಗಂಟೆ ಎರಡು ಗಂಟೆಗೊಮ್ಮೆ ತೊಳೆಯದಿದ್ದರೆ ಎಳೆಗಳು ತುಂಬಿ ಚಿನ್ನ ಜಾರಿಹೋಗುತ್ತದೆ, ಆಗ "ಪಾದರಸವೇ ವಾಸಿ" ಎಂಬ ಮಾತು ಮತ್ತೆ ಏಳುತ್ತದೆ. ಕೆಲವರು ರಾತ್ರಿ ಪೀಪಾಯಿಗೆ ಪಾದರಸ ಹಾಕುತ್ತಿದ್ದರು. ಪತ್ತೆಗೆ ಉಪಕರಣ ಬೇಕಾಗಲಿಲ್ಲ. ಉಜ್ಜಿ ಹೊಳಪಿಸಿದ ತಾಮ್ರದ ತಗಡನ್ನು ಕೆಸರಿನ ಕಾಲುವೆಯಲ್ಲಿ ರಾತ್ರಿ ಇಟ್ಟರೆ, ಪಾದರಸವಿದ್ದಲ್ಲಿ ಬೆಳಿಗ್ಗೆ ಬೆಳ್ಳಿಯ ಬಣ್ಣ ಕಾಣುತ್ತದೆ. ತಗಡಿನ ಪರೀಕ್ಷೆ ಪಾಸಾದ ಕೆಸರನ್ನಷ್ಟೇ ತೊಟ್ಟಿಗಳು ಕೊಳ್ಳುತ್ತವೆ.

ಪಾದರಸ ಹೋದರೂ ಸಯನೈಡ್ ಉಳಿಯಿತು. ಬಳಸಿದ ದ್ರಾವಣವನ್ನು ಬಿಸಿಲಿಗೆ ಬಿಟ್ಟರೆ ತಾನೇ ಕರಗಿಹೋಗುತ್ತದೆ ಎಂದು ತೊಟ್ಟಿಯವರು ನಂಬಿದ್ದರು. ಬಿಡಿ ಸಯನೈಡ್ ಮಟ್ಟಿಗೆ ಅದು ಬಹುಪಾಲು ನಿಜ, ಆದರೆ ಅದಿರಿನ ತಾಮ್ರದೊಂದಿಗೆ ಕೂಡಿದ ಸಯನೈಡ್ ಬಿಸಿಲಿಗೆ ಬೇಗ ಜಗ್ಗುವುದಿಲ್ಲ, ಮೀನನ್ನು ಕೊಲ್ಲುತ್ತದೆ. ಬಿಡಿ ಸಯನೈಡ್ ಮಾತ್ರ ಅಳೆದದ್ದರಿಂದ ಕೊಳ ಸುರಕ್ಷಿತವೆಂದು ಕಂಡಿತ್ತು. ದುರ್ಬಲ ಆಮ್ಲದಲ್ಲಿ ಬಿಡುಗಡೆಯಾಗುವ ಸಯನೈಡನ್ನು ಅಳೆಯತೊಡಗಿದ ಮೇಲೆ ನಿಜ ತಿಳಿಯಿತು. ಅಂತರರಾಷ್ಟ್ರೀಯ ಸಯನೈಡ್ ನಿರ್ವಹಣಾ ಸಂಹಿತೆಯ ಪ್ರಕಾರ ಈ ಬಗೆಯ ಸಯನೈಡ್, ಹಕ್ಕಿಗಳು ಇಳಿಯಬಹುದಾದ ತೆರೆದ ಕೊಳದಲ್ಲಿ ಲೀಟರಿಗೆ 50 ಮಿಲಿಗ್ರಾಂ, ಹೊರಬಿಡುವ ನೀರಿನಲ್ಲಿ 0.5 ಮಿಲಿಗ್ರಾಂ ಮೀರಬಾರದು. ಈಗ ಸೋಡಿಯಂ ಮೆಟಾಬೈಸಲ್ಫೈಟ್, ಗಾಳಿ ಮತ್ತು ಸ್ವಲ್ಪ ಮೈಲುತುತ್ತದೊಂದಿಗೆ, ಪಿಎಚ್ 8ರಿಂದ 9ರ ನಡುವೆ ಹಿಡಿದು ದ್ರಾವಣವನ್ನು ನಿರ್ವಿಷಗೊಳಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಕೊಳದ ನೀರಿನ ಮಟ್ಟ ಇಳಿಸುವುದು ಕಡ್ಡಾಯ. ರೊಮೇನಿಯದ ಬಾಯ ಮಾರೆಯಲ್ಲಿ 2000ದ ಜನವರಿ 30ರಂದು ಮಳೆ ಮತ್ತು ಕರಗಿದ ಹಿಮದಿಂದ ತುಂಬಿದ ಕೊಳದ ಕಟ್ಟೆ ಒಡೆದು, ಸುಮಾರು 1,00,000 ಘನಮೀಟರ್ ಸಯನೈಡ್ ನೀರು ಟಿಸಾ ನದಿಯ ಮೂಲಕ ಡ್ಯಾನ್ಯೂಬ್‌ವರೆಗೂ ಹೋಯಿತು. ಈ ಸಂಹಿತೆ ರೂಪುಗೊಂಡದ್ದು ಅದರ ನಂತರವೇ.

ಈಗಿನ ಸ್ಥಿತಿ

ಸುಡುವವರ ಮೂತ್ರದಲ್ಲಿ ಪಾದರಸ ಕೆಲವೇ ತಿಂಗಳಲ್ಲಿ ಇಳಿಯಿತು. ದೇಹದಿಂದ ಅದು ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಬೇಕು, ಅದಕ್ಕೆ ಈ ಇಳಿಕೆ ಹೊಂದುತ್ತದೆ. ಕೈನಡುಕ ಎಲ್ಲರಲ್ಲೂ ಹೋಗಿಲ್ಲ. ಸೋಸಿದ ನೀರಿನ ಪಾದರಸ, ಪಾದರಸದ ಕೆಸರು ತೊಟ್ಟಿಗೆ ಹೋಗುವುದು ನಿಂತ ಮೊದಲ ಮಳೆಗಾಲದೊಳಗೇ ಕುಸಿಯಿತು. ಮೀನಿನಲ್ಲಿ ಹಾಗಾಗಲಿಲ್ಲ. ಜೌಗು ತಿರುವುಗಳ ತಳದಲ್ಲಿ ಕೂತಿರುವ ಪಾದರಸ ಇನ್ನೂ ಮೀಥೈಲ್ ರೂಪಕ್ಕೆ ತಿರುಗುತ್ತಲೇ ಇದೆ. ಅದನ್ನು ಬಗೆದು ತೆಗೆಯುವ ಸಲಹೆ ಬಂದಿತ್ತು. ಕದಡಿದರೆ ನದಿಯ ಕೆಳಗೆಲ್ಲ ಹರಡುತ್ತದೆಂದು ಬೇಡವೆಂದರು, ಸರಿಯಾದ ನಿರ್ಧಾರ. ಕೆಳಗಿನ ಹಳ್ಳಿಗಳಿಗೆ ಮೀನು ಬಿಡಿ ಎಂದು ಹೇಳಲಿಲ್ಲ, ಅವರಿಗೆ ಬೇರೆ ಪ್ರೋಟೀನ್ ಇಲ್ಲ. ದೊಡ್ಡ ಬೇಟೆ ಮೀನುಗಳನ್ನು ಗರ್ಭಿಣಿಯರು, ಬಾಣಂತಿಯರು, ಮಕ್ಕಳು ತಿನ್ನಬಾರದು, ಸಣ್ಣವನ್ನೂ ಸಸ್ಯಾಹಾರಿ ಮೀನುಗಳನ್ನೂ ತಿನ್ನಬಹುದು ಎಂದು ಚಿತ್ರ ಹಾಕಿ ಹೇಳಿದರು. ತಾಯಂದಿರ ಕೂದಲನ್ನು ಬುಡದಿಂದ 3 ಸೆಂಟಿಮೀಟರ್ ಕತ್ತರಿಸಿ ಪರೀಕ್ಷಿಸುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಕಳೆದ ಮೂರು ತಿಂಗಳ ಲೆಕ್ಕ ಸಿಗುತ್ತದೆ.

ಪಾದರಸ ತುಂಬಿದ ಹಳೆಯ ಕೆಸರಿನ ದಿಬ್ಬಗಳು ಹಾಗೇ ಇವೆ. ಮೇಲಿನಿಂದ ಬರುವ ನೀರನ್ನು ಕಾಲುವೆ ತೆಗೆದು ಬೇರೆಡೆ ತಿರುಗಿಸಿ, ದಿಬ್ಬಗಳಿಗೆ ಜೇಡಿ ಹೊದಿಸಿ ಹುಲ್ಲು ಹಿಡಿಸಿದ್ದಾರೆ. ಟನ್ನಿಗೆ 9 ಗ್ರಾಂ ಚಿನ್ನ ಅದರಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಚಿನ್ನದ ಬೆಲೆ ಏರಿದಾಗಲೆಲ್ಲ ಅದನ್ನು ಸಯನೈಡಿಗೆ ಹಾಕಲು ಕೇಳುವವರು ಬರುತ್ತಾರೆ. ಪಾದರಸವನ್ನು ಮೊದಲು ಬೇರ್ಪಡಿಸಿ ತೋರಿಸಿ ಎಂಬ ಷರತ್ತಿಗೆ ಇದುವರೆಗೆ ಒಬ್ಬರೂ ನಿಲ್ಲಲಿಲ್ಲ. ಅದಕ್ಕೆಂದು ಪ್ರಯತ್ನಿಸಿದ ಬೆಳ್ಳಿ ಲೇಪದ ತಾಮ್ರದ ತಗಡುಗಳು ಪಾದರಸದ ದಪ್ಪ ಹನಿಗಳನ್ನು ಹಿಡಿದವು, ಹಿಟ್ಟಿನಷ್ಟು ಸಣ್ಣಗಾದವನ್ನು ಬಿಟ್ಟವು. ಶೆಡ್ಡಿನಲ್ಲಿ ಸಾರದ ಪಾದರಸ ಶೇಷ ತುಂಬಿದ ಡ್ರಮ್ಮುಗಳ ಸಾಲು ಬೆಳೆಯುತ್ತಿದೆ. ಅವನ್ನು ಕೊಂಡೊಯ್ದು ಪಾದರಸವನ್ನು ಗಂಧಕದೊಂದಿಗೆ ಕೂಡಿಸಿ ಗಟ್ಟಿ ಸಲ್ಫೈಡ್ ಮಾಡಿ ಹೂಳಬಲ್ಲ ಸ್ಥಾವರ ಆ ದೇಶದಲ್ಲಿಲ್ಲ. ಹೊಸ ಕರಾರಿನ ಟನ್ ದರದಲ್ಲಿ ಒಂದು ಸಣ್ಣ ಪಾಲನ್ನು ಆ ಖರ್ಚಿಗೆಂದು ತೆಗೆದಿಡುತ್ತಿದ್ದಾರೆ.